ಬೇಟೆಯ ಚೂರಿ

ಬೇಟೆಯ ಕಥೆಗಳು ಸಾಮಾನ್ಯವಾಗಿ ಒಂದೇ ಕಡೆ ಮುಗಿಯುತ್ತವೆ. ಬೇಟೆಗಾರನು ಗುರಿಯಿಡುತ್ತಾನೆ, ಕೋವಿ ಗುಡುಗುತ್ತದೆ, ಮೃಗ ಉರುಳುತ್ತದೆ. ಹೇಳುವವನು ಅಲ್ಲಿಗೆ ಮೀಸೆಯ ಮೇಲೆ ಕೈಯಾಡಿಸಿ ಸುಮ್ಮನಾಗುತ್ತಾನೆ. ಉರುಳಿದ ಮೃಗ ಆಮೇಲೆ ಮನೆಗೆ ಹೇಗೆ ಬಂತು, ಅದರ ಮಾಂಸ ಅಡಿಗೆಗೆ ಹೇಗೆ ಒದಗಿತು, ತೊಗಲು ಏನಾಯಿತು ಎಂದು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಕೋವಿಯ ವಿಷಯವಾಗಿ ಗ್ರಂಥಗಳುಂಟು. ಗುಂಡಿನ ತೂಕ, ಮದ್ದಿನ ಬಲ, ಗುರಿ ನೋಡುವ ಗಾಜು, ಇವುಗಳ ಮೇಲೆ ರಾತ್ರಿಯೆಲ್ಲ ವಾದ ಮಾಡತಕ್ಕವರುಂಟು. ಆದರೆ ಕೋವಿಯ ಕೆಲಸ ಒಂದು ಕ್ಷಣದ್ದು. ಅದಾದಮೇಲೆ ಒಂದೆರಡು ಗಂಟೆಗಳ ಕಾಲ ಬೇಟೆಗಾರನ ಕೈಯಲ್ಲಿರುವುದು ಚೂರಿ. ಆ ಚೂರಿಯನ್ನು ಆರಿಸುವುದು ಹೇಗೆಂಬುದು ನಮ್ಮ ಇಂದಿನ ವಿಷಯ.

ಇದನ್ನು ಕೇಳಿ ಶ್ರೋತೃಗಳಲ್ಲಿ ಕೆಲವರು ಹುಬ್ಬುಗಂಟಿಕ್ಕಬಹುದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಬೇಟೆಯೆಂಬ ವಿನೋದಕ್ಕೆ ಎಡೆಯಿಲ್ಲ. ಇಲ್ಲದಾದದ್ದು ಒಳ್ಳೆಯದೇ ಆಯಿತೆಂದು ನಾವು ತಿಳಿದಿದ್ದೇವೆ. ನಾಗರಹೊಳೆಯ ಅಂಚಿನಲ್ಲಿ ಕದ್ದು ಚೂರಿ ಮಸೆಯುವವರಿಗಾಗಿ ಈ ಮಾತುಗಳನ್ನು ಬರೆದಿಲ್ಲ. ನಾವು ಹೇಳಹೊರಟಿರುವುದು ಮುಖ್ಯವಾಗಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸಂಗತಿ. ಅಲ್ಲಿ ಬಿಳಿಬಾಲದ ಜಿಂಕೆ ಹೇರಳವಾಗಿದೆ. ಎಲೆ ಉದುರುವ ಕಾಲ ಬಂತೆಂದರೆ, ಪರವಾನಗಿ ಪಡೆದು, ಇಂತಿಷ್ಟೇ ದಿನ, ಇಂತಿಷ್ಟೇ ಮೃಗ ಎಂಬ ಕಟ್ಟಳೆಗೆ ಒಳಪಟ್ಟು, ಲಕ್ಷಾಂತರ ಮಂದಿ ಕಾಡಿಗೆ ಹೊರಡುತ್ತಾರೆ. ಅನೇಕ ಮನೆಗಳಲ್ಲಿ ಆ ಮಾಂಸವೇ ಚಳಿಗಾಲದ ಆಹಾರ. ಆ ದೇಶಕ್ಕೆ ಹೋಗಿ ನೆಲಸಿದ ನಮ್ಮವರಲ್ಲಿಯೂ ನೆರೆಯವರ ಜೊತೆಗೂಡಿ ಹೋಗಿಬರುವ ತರುಣರಿದ್ದಾರೆ. ಇನ್ನು ಮಾಂಸವನ್ನೇ ಮುಟ್ಟದ ಶ್ರೋತೃಗಳು ಬಹುಮಂದಿ ಇದ್ದಾರೆಂಬುದನ್ನು ನಾವು ಮರೆತಿಲ್ಲ. ಒಂದು ಉಪಕರಣ ತಾನು ಮಾಡಬೇಕಾದ ಕೆಲಸದಿಂದಲೇ ತನ್ನ ಆಕಾರವನ್ನು ಹೇಗೆ ಪಡೆಯುತ್ತದೆಂಬ ಕುತೂಹಲದಿಂದ ಅವರು ಕೇಳಬಹುದು.

ಮೊದಲು ಕೆಲಸವೇನೆಂಬುದನ್ನು ನೋಡೋಣ. ಜಿಂಕೆ ಬದುಕಿರುವಾಗ ಅದರ ಮೈಯ ಬಿಸಿ ನಮ್ಮದಕ್ಕಿಂತ ತುಸು ಹೆಚ್ಚು, ಸುಮಾರು 38–39 ಡಿಗ್ರಿ ಸೆಂಟಿಗ್ರೇಡು. ಪ್ರಾಣ ಹೋದೊಡನೆ ಆ ಬಿಸಿ ಹೋಗುವುದಿಲ್ಲ. ಚಳಿಗಾಲಕ್ಕೆಂದು ಬೆಳೆದ ಜಿಂಕೆಯ ರೋಮ ಒಳಗೆ ಟೊಳ್ಳು. ಅದು ಹೊರಗಿನ ಚಳಿಯನ್ನು ಒಳಗೆ ಬಿಡುವುದಿಲ್ಲ, ಒಳಗಿನ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಸತ್ತಮೇಲೂ ಕಂಬಳಿ ಹೊದೆದುಕೊಂಡಿರುವ ಪ್ರಾಣಿಯದು. ಅದರ ಜೊತೆಗೆ ಮೆಲುಕುಹಾಕುವ ಜಾತಿಯ ದೊಡ್ಡ ಜಠರ. ಅದರೊಳಗಿನ ಸೊಪ್ಪುಸದೆ ಪ್ರಾಣ ಹೋದಮೇಲೂ ಹುದುಗುತ್ತಲೇ ಇರುತ್ತದೆ. ಹೊಟ್ಟೆ ಉಬ್ಬುತ್ತದೆ, ಕರುಳಿನ ಸೂಕ್ಷ್ಮಜೀವಿಗಳು ಸುತ್ತಣ ಮಾಂಸಕ್ಕೆ ಹರಡತೊಡಗುತ್ತವೆ. ಮಾಂಸ ಉಳಿಯಬೇಕಾದರೆ ಅದನ್ನು ಬೇಗ 4 ಡಿಗ್ರಿಗಿಂತ ಕೆಳಕ್ಕೆ ಆರಿಸಬೇಕು. ಆರಿಸಬೇಕಾದರೆ, ಬಿದ್ದ ಸ್ಥಳದಲ್ಲಿಯೇ ಹೊಟ್ಟೆಯನ್ನು ತೆರೆದು ಒಳಗಿನದೆಲ್ಲವನ್ನೂ ಹೊರತೆಗೆಯಬೇಕು. ಅನಂತರ ತೊಗಲನ್ನು ಸುಲಿಯಬೇಕು. ಹವೆ ಬೆಚ್ಚಗಿದ್ದ ದಿನ ಇದಕ್ಕೆ ತಡಮಾಡಿದವನು ಒಂದು ಜೀವವನ್ನು ಕೊಂದು ಮಣ್ಣುಪಾಲು ಮಾಡಿದಂತಾಯಿತು. ಇದು ಬರಿಯ ನೀತಿಯ ಮಾತೂ ಅಲ್ಲ. ಅಲಾಸ್ಕಾದಲ್ಲಿ ಮೂಸ್, ಕ್ಯಾರಿಬೂ ಮೊದಲಾದ ದೊಡ್ಡ ಮೃಗಗಳನ್ನು ಹೊಡೆದವನು ತಿನ್ನತಕ್ಕ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಕೊಂಬನ್ನು ಮಾತ್ರ ಹೊತ್ತು ತಂದರೆ ಅದು ಶಿಕ್ಷಾರ್ಹವಾದ ಅಪರಾಧ. ಬೇರೆ ಹಲವು ಸಂಸ್ಥಾನಗಳಲ್ಲಿಯೂ ಮೃಗವನ್ನು ವ್ಯರ್ಥಮಾಡಕೂಡದೆಂಬ ಕಾನೂನು ಉಂಟು.

ಹೀಗೆ ಮಾಡುವ ಮೊದಲ ಕೊಯ್ತ ಎಲ್ಲಕ್ಕಿಂತ ಸೂಕ್ಷ್ಮವಾದುದು. ಜಿಂಕೆಯನ್ನು ಅಂಗಾತ ಮಲಗಿಸಿ, ಎದೆಯೆಲುಬು ಮುಗಿಯುವ ಕಡೆ ತೊಗಲನ್ನು ಚಿವುಟಿ ಎತ್ತಿ, ಅಲ್ಲಿ ಸಣ್ಣದೊಂದು ಸೀಳು ಮಾಡುತ್ತಾರೆ. ಸೀಳಿನೊಳಕ್ಕೆ ಎಡಗೈಯ ಎರಡು ಬೆರಳುಗಳನ್ನು ಕವಲಿನಂತೆ ತೂರಿಸಿ, ತೊಗಲನ್ನೂ ಅದರಡಿಯ ತೆಳುವಾದ ಮಾಂಸದ ಪದರವನ್ನೂ ಮೇಲಕ್ಕೆತ್ತಿ ಹಿಡಿಯುತ್ತಾರೆ. ಆ ಎರಡು ಬೆರಳುಗಳ ನಡುವೆ ಚೂರಿಯನ್ನು, ಬಾಯಿ ಆಕಾಶದ ಕಡೆಗೂ ಬೆನ್ನು ಕರುಳಿನ ಕಡೆಗೂ ಇರುವಂತೆ ಹಿಡಿದು, ಹಿಂಗಾಲುಗಳತ್ತ ಮೆಲ್ಲಮೆಲ್ಲನೆ ನಡೆಸುತ್ತಾರೆ. ಬಾಯಿ ಮೇಲಾಗಿರುವುದರಿಂದ ಜಠರಕ್ಕೆ ತಗಲುವುದು ಬೆನ್ನು ಮಾತ್ರ. ತೊಗಲನ್ನು ಒಳಗಿನಿಂದ ಹೊರಕ್ಕೆ ಸೀಳುವುದರಿಂದ ರೋಮ ತಾನಾಗಿ ಎರಡು ಕಡೆಗೆ ಬಾಗುತ್ತದೆ. ಮೇಲಿನಿಂದ ಕೊಯ್ದರೆ ನೂರಾರು ರೋಮಗಳು ತುಂಡಾಗಿ ಮಾಂಸಕ್ಕೆ ಅಂಟಿಕೊಳ್ಳುವುದಲ್ಲದೆ ಚೂರಿಯೂ ಬಹು ಬೇಗ ಮೊಂಡಾಗುತ್ತದೆ. ಜಠರವಾಗಲಿ ಮೂತ್ರಕೋಶವಾಗಲಿ ಒಡೆದರೆ ಒಳಗಿನದು ಮಾಂಸದ ಮೇಲೆ ಚೆಲ್ಲಿ, ತಗಲಿದ ಭಾಗವನ್ನು ಕತ್ತರಿಸಿ ಎಸೆಯಬೇಕಾಗುತ್ತದೆ.

ಇದಾದಮೇಲೆ ಇನ್ನೊಂದು ಘಟ್ಟ. ಎದೆಗೂ ಹೊಟ್ಟೆಗೂ ನಡುವೆ ಪರದೆಯಂತಿರುವ ವಪೆಯನ್ನು ಸುತ್ತಲೂ ಬಿಡಿಸಿ, ಎದೆಯ ಗೂಡಿನೊಳಕ್ಕೆ ಮೊಣಕೈವರೆಗೆ ಕೈಹಾಕಿ ಶ್ವಾಸನಾಳವನ್ನು ಕತ್ತರಿಸಬೇಕು. ಅಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಒಂದು ಕೈ ನಾಳವನ್ನು ಹಿಡಿದಿರುತ್ತದೆ. ಇನ್ನೊಂದು ಕೈ ಅದರ ಪಕ್ಕದಲ್ಲಿಯೇ, ಬಿಸಿ ನೆತ್ತರಿನಲ್ಲಿ ಜಾರುವ ಹಿಡಿಯನ್ನು ಹಿಡಿದು ಚೂರಿಯಾಡಿಸುತ್ತದೆ. ಊರಿನಿಂದ ಎರಡು ಹರದಾರಿ ದೂರದ ಕಾಡಿನಲ್ಲಿ, ಸಂಜೆಗತ್ತಲಿನಲ್ಲಿ, ತನ್ನ ಬೆರಳನ್ನೇ ಕೊಯ್ದುಕೊಂಡ ಬೇಟೆಗಾರನ ಅವಸ್ಥೆಯನ್ನು ಶ್ರೋತೃಗಳೇ ಊಹಿಸಬಹುದು.

ಕೆಲಸ ಇಂಥದಾಗಿರುವಾಗ ಅಂಗಡಿಗೆ ಹೋದವನು ಕೊಳ್ಳುವುದು ಎಂಥ ಚೂರಿಯನ್ನು? ಬಹುಮಟ್ಟಿಗೆ, ದೊಡ್ಡದನ್ನು. ಬೇಟೆಯೆಂದೊಡನೆ ಮನಸ್ಸಿಗೆ ಹೊಳೆಯುವುದು ಸೊಂಟದಲ್ಲಿ ತೂಗುವ ಮೊಳದುದ್ದದ ಆಯುಧ. ಕರಡಿಯೊಡನೆ ಕೈಕೈ ಹೋರಾಡುವ ಚಿತ್ರ. ಇದಕ್ಕೆ ಅಮೆರಿಕದಲ್ಲಿ ಒಂದು ಚರಿತ್ರೆಯೇ ಉಂಟು. ಜೇಮ್ಸ್ ಬೋಯಿ ಎಂಬಾತನು 1827ರಲ್ಲಿ ಮಿಸಿಸಿಪ್ಪಿ ನದಿಯ ಮರಳದಿಬ್ಬದ ಮೇಲೆ ನಡೆದ ಜಗಳವೊಂದರಲ್ಲಿ ದೊಡ್ಡ ಚೂರಿಯಿಂದ ಕಾದಾಡಿ ಹೆಸರಾದನು; 1836ರಲ್ಲಿ ಅಲಾಮೋ ಕೋಟೆಯ ಕಾಳಗದಲ್ಲಿ ಸತ್ತು ಇನ್ನಷ್ಟು ಹೆಸರಾದನು. ಅವನ ಹೆಸರಿನ ಚೂರಿಗಳನ್ನು ಇಂಗ್ಲೆಂಡಿನ ಶೆಫೀಲ್ಡಿನವರು ಕೂಡ ರಾಶಿರಾಶಿಯಾಗಿ ಮಾಡಿ ಅಮೆರಿಕಕ್ಕೆ ಕಳುಹಿಸಿದರು. ಅದು ಮನುಷ್ಯನನ್ನು ಇರಿದು ಹೆಸರಾದ ಆಯುಧ. ಮನುಷ್ಯನನ್ನು ಇರಿಯುವುದಕ್ಕೂ ಸತ್ತ ಜಿಂಕೆಯ ಜಠರವನ್ನು ಒಡೆಯದೆ ಹೊರತೆಗೆಯುವುದಕ್ಕೂ ಏನು ಸಂಬಂಧ?

ಈ ಮೋಹವನ್ನು ಹಾಸ್ಯಮಾಡಿದವರಲ್ಲಿ ಇಬ್ಬರು ಸ್ಮರಣೀಯರು. ಒಬ್ಬನು ‘ನೆಸ್ಮಕ್’ ಎಂಬ ಹೆಸರಿನಿಂದ ಬರೆಯುತ್ತಿದ್ದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್. ಈತನ ‘ವುಡ್‌ಕ್ರಾಫ್ಟ್’ ಎಂಬ ಪುಸ್ತಕ 1884ರಲ್ಲಿ ಹೊರಬಂದಿತು. ಇನ್ನೊಬ್ಬನು ಹೊರೇಸ್ ಕೆಫಾರ್ಟ್. ಇವನ ವನವಾಸದ ಕೈಪಿಡಿ 1906ರದು. ಸಿಯರ್ಸನ ವೃತ್ತಿ ಮೋಚಿಯದು. ಕೆಫಾರ್ಟನು ಸೇಂಟ್ ಲೂಯಿಸ್ ನಗರದಲ್ಲಿ ಗ್ರಂಥಭಂಡಾರಿಯಾಗಿದ್ದು ಆಮೇಲೆ ಬೆಟ್ಟ ಸೇರಿದವನು. ಮೃಗಗಳೊಡನೆ ಮಲ್ಲಯುದ್ಧ ಮಾಡಿದವರಾರೂ ಹೇಳದೆ ಹೋದ ವಿವೇಕವನ್ನು ಒಬ್ಬ ಮೋಚಿಯೂ ಒಬ್ಬ ಗ್ರಂಥಭಂಡಾರಿಯೂ ಹೇಳಿದರೆಂಬುದು ನಮಗೆ ಬಹಳ ಹಿತವಾಗಿ ಕಾಣುತ್ತದೆ. ತೊಗಲನ್ನು ಕೊಯ್ದು ಬಾಳಿದವನಿಗೆ ತೆಳುವಾದ ಅಲಗಿನ ಬೆಲೆ ತಿಳಿಯದೆ ಇನ್ನಾರಿಗೆ ತಿಳಿದೀತು? ಸಿಯರ್ಸನ ಚೂರಿಯ ಅಲಗು ತೆಳು, ತುದಿಯ ಹತ್ತಿರ ಬೆನ್ನು ಗೂನು. ಕೆಫಾರ್ಟನದು ನೇರವಾದ, ಯಾವ ಅಲಂಕಾರವೂ ಇಲ್ಲದ, ಐದು ಅಂಗುಲಕ್ಕೆ ಮೀರದ ಸರಳವಾದ ಚೂರಿ. ನೋಡಿದರೆ ಅಡಿಗೆಮನೆಯಿಂದ ತಂದಂತಿದೆ. ಹಾಗಿರುವುದೇ ಸರಿಯೆಂದು ನಮ್ಮ ಅಭಿಪ್ರಾಯ. ಬೇಟೆಯ ಚೂರಿಯ ನಂಟರು ರಣರಂಗದಲ್ಲಿಲ್ಲ, ಅಡಿಗೆಮನೆಯಲ್ಲಿದ್ದಾರೆ.

ನಮ್ಮ ಪರಿಚಯದ ತರುಣರೊಬ್ಬರು ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಉದ್ಯೋಗದಲ್ಲಿದ್ದಾರೆ. ಮೊದಲ ಬಾರಿ ಬೇಟೆಗೆ ಹೊರಟಾಗ ಅವರು ಏಳು ಅಂಗುಲ ಅಲಗಿನ, ಬೆನ್ನಿಗೆ ಗರಗಸದ ಹಲ್ಲುಗಳಿದ್ದ ಒಂದು ಭಾರಿ ಚೂರಿಯನ್ನು ಕೊಂಡರಂತೆ. ಜೊತೆಯಲ್ಲಿದ್ದವರು ನೆರೆಮನೆಯ ಮುದುಕ ರೈತರು. ಜಿಂಕೆ ಬಿತ್ತು, ನಮ್ಮವರು ಕೊಯ್ಯಲು ತೊಡಗಿದರು. ಕೈ ಒಂದು ಕಡೆ, ಮೊನೆ ಇನ್ನೊಂದು ಕಡೆ. ಮೊನೆ ಎಲ್ಲಿದೆಯೆಂದು ಕೈಗೆ ತಿಳಿಯುವ ಮೊದಲೇ ಜಠರಕ್ಕೆ ತಿಳಿದುಹೋಗಿತ್ತು! ಆ ವಾಸನೆಯನ್ನು ವರ್ಣಿಸಲು ಅವರು ತಮ್ಮ ಪತ್ರದಲ್ಲಿ ಅರ್ಧ ಪುಟವನ್ನು ವಿನಿಯೋಗಿಸಿದ್ದಾರೆ. ನಾವು ಶ್ರೋತೃಗಳನ್ನು ಅದರಿಂದ ಕಾಪಾಡುತ್ತೇವೆ. ಮುದುಕರು ಏನನ್ನೂ ಆಡದೆ, ಮಸೆದು ಮಸೆದು ಸವೆದಿದ್ದ ಮೂರು ಅಂಗುಲದ ತಮ್ಮ ಚೂರಿಯನ್ನು ತೆಗೆದುಕೊಟ್ಟರಂತೆ. ತೊಡೆಯ ಒಳಭಾಗದ ಒಳ್ಳೆಯ ಮಾಂಸವಷ್ಟೂ ಆ ದಿನ ನರಿಗಳ ಪಾಲಾಯಿತು.

ಉದ್ದಕ್ಕೆ ಒಂದು ಅಳತೆಯನ್ನು ನಾವು ಹೀಗೆ ಹೇಳುತ್ತೇವೆ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು ತೋರುಬೆರಳನ್ನು ಅಲಗಿನ ಬೆನ್ನಿನ ಮೇಲೆ ನೀಡಿದಾಗ, ಬೆರಳ ತುದಿ ಮೊನೆಯ ಸಮೀಪಕ್ಕೆ ಮುಟ್ಟಬೇಕು. ಆಗ ಕತ್ತಲಲ್ಲಿಯೂ ಮೊನೆಯಿರುವ ಸ್ಥಳ ಬೆರಳಿಗೆ ಗೊತ್ತಿರುತ್ತದೆ. ದೊಡ್ಡವರ ಕೈಗೆ ಇದು ಮೂರರಿಂದ ನಾಲ್ಕು ಅಂಗುಲವಾಗುತ್ತದೆ. ಬೆನ್ನಿನ ದಪ್ಪ ಮೂರು ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ಸಾಕು. ಎಲುಬನ್ನು ಸೀಳಬೇಕಾದರೆ ಅದಕ್ಕೆ ಸಣ್ಣ ಗರಗಸವನ್ನು ಒಯ್ಯಬೇಕೇ ಹೊರತು ಚೂರಿಯನ್ನು ಮಚ್ಚನ್ನಾಗಿ ಮಾಡಿಕೊಳ್ಳಬಾರದು. ನಮ್ಮ ಕೊಡಗಿನ ಒಡಿಕತ್ತಿಯನ್ನು ನೋಡಿದವರಿಗೆ ಈ ಭೇದ ಬೇಗ ತಿಳಿಯುತ್ತದೆ. ಅಗಲವಾಗಿ, ಭಾರವಾಗಿ, ಬೀಸಿ ಕಡಿಯುವುದಕ್ಕೆ ಅದು ಎಷ್ಟು ಒದಗುತ್ತದೆಯೋ, ತೊಗಲು ಸುಲಿಯುವುದಕ್ಕೆ ಅಷ್ಟೇ ಒದಗುವುದಿಲ್ಲ.

ಇನ್ನು ಆಕಾರ. ಹೊಟ್ಟೆ ತೆರೆಯುವುದು ಒಂದು ಕೆಲಸ, ತೊಗಲು ಸುಲಿಯುವುದು ಇನ್ನೊಂದು. ಎರಡೂ ಒಂದೇ ಆಕಾರವನ್ನು ಕೇಳುವುದಿಲ್ಲ. ತೆರೆಯುವಾಗ ಮೊನೆ ಬೇಕು, ಆದರೆ ಅದು ತಗ್ಗಿರಬೇಕು. ಮೇಲಕ್ಕೆ ಚಿಮ್ಮಿದ ಸೂಜಿಮೊನೆ, ಬಾಯಿ ಮೇಲಾಗಿ ತಿರುಗಿಸಿ ಹಿಡಿದಾಗ, ಕರುಳಿಗೇ ಚುಚ್ಚುತ್ತದೆ. ಅಲಗಿನ ಬೆನ್ನು ತುದಿಯ ಕಡೆ ಮೆಲ್ಲನೆ ಇಳಿದು ಮೊನೆ ನಡುಗೆರೆಯ ಹತ್ತಿರ ಬಂದು ನಿಂತರೆ ಆ ಭಯ ಬಹಳ ಮಟ್ಟಿಗೆ ತಪ್ಪುತ್ತದೆ. ಈ ಇಳಿಮೊನೆಯ ಚೂರಿಯನ್ನು ಅಮೆರಿಕದಲ್ಲಿ ಮನೆಮಾತು ಮಾಡಿದವನು ಬಾಬ್ ಲವ್‌ಲೆಸ್. ಇವನು 1929ರಲ್ಲಿ ಹುಟ್ಟಿ 2010ರಲ್ಲಿ ತೀರಿಕೊಂಡನು. ಹಡಗಿನಲ್ಲಿ ಕೆಲಸಮಾಡುತ್ತಿದ್ದ ಕಾಲದಲ್ಲಿ, 1953ರಲ್ಲಿ, ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಹೆಸರಾಂತ ಕಮ್ಮಾರನೊಬ್ಬನ ಚೂರಿಯನ್ನು ಕೇಳಿದಾಗ, ಒಂಬತ್ತು ತಿಂಗಳು ಕಾಯಬೇಕೆಂಬ ಉತ್ತರ ಬಂದಿತಂತೆ. ಹಳೆಯ ಮೋಟಾರು ಗಾಡಿಯೊಂದರ ಸ್ಪ್ರಿಂಗಿನ ಉಕ್ಕನ್ನು ಉಜ್ಜಿ ತಾನೇ ಒಂದನ್ನು ಮಾಡಿಕೊಂಡನೆಂದು ಕಥೆ. ಆಮೇಲೆ ಅವನ ಚೂರಿಗಾಗಿಯೇ ಜನ ವರ್ಷಗಟ್ಟಲೆ ಕಾಯುವಂತಾಯಿತು.

ಸುಲಿಯುವಾಗ ಮೊನೆಗೆ ಹೆಚ್ಚು ಕೆಲಸವಿಲ್ಲ. ತೊಗಲಿಗೂ ಮಾಂಸಕ್ಕೂ ನಡುವೆ ಒಂದು ಬಿಳಿಯ ಪೊರೆಯುಂಟು. ತೊಗಲನ್ನು ಎಡಗೈಯಿಂದ ಎಳೆದು ಬಿಗಿಹಿಡಿದು, ಆ ಪೊರೆಯನ್ನು ಅಲಗಿನ ಬಾಗಿದ ಹೊಟ್ಟೆಯಿಂದ ಸವರುತ್ತ ಹೋಗಬೇಕು. ಮೈ ಬಿಸಿಯಾಗಿರುವಾಗ ಅರ್ಧ ಕೆಲಸ ಮುಷ್ಟಿಯಿಂದಲೇ ಆಗುತ್ತದೆ. ಚೂರಿಗೆ ಅವಸರಪಟ್ಟರೆ ತೊಗಲು ತೂತಾಗುತ್ತದೆ. ಈ ಕೆಲಸಕ್ಕೆ ಮನುಷ್ಯನು ಕಂಡುಹಿಡಿದ ಚೂರಿಗಳಲ್ಲಿ ಅತ್ಯುತ್ತಮವಾದುದು, ನಮ್ಮ ಮಟ್ಟಿಗೆ, ಧ್ರುವಪ್ರದೇಶದ ಇನ್ಯೂಟ್ ಜನರ ‘ಉಲು’. ಅದು ಹೆಂಗಸರ ಚೂರಿ. ಹೆಸರಿನ ಅರ್ಥವೂ ಅದೇ. ಅಲಗು ಅರ್ಧಚಂದ್ರಾಕಾರ, ಹಿಡಿ ಅದರ ಹಿಂದಕ್ಕಿರದೆ ನೇರವಾಗಿ ಮೇಲಿರುತ್ತದೆ. ನಮ್ಮ ಮೋಚಿಗಳ ರಂಪಿಗೆಯನ್ನು ನೋಡಿದವರು ಅದರ ಬಾಗಿದ ಬಾಯನ್ನು ಊಹಿಸಿಕೊಳ್ಳಬಹುದು. ಕೈಯ ಬಲವೆಲ್ಲ ನೇರವಾಗಿ ಬಾಯಿಯ ಮೇಲೆ ಬೀಳುವುದರಿಂದ ಮಣಿಕಟ್ಟಿಗೆ ಆಯಾಸವಿಲ್ಲ; ಎದ್ದುನಿಂತ ಮೊನೆಯಿಲ್ಲದುದರಿಂದ ಚುಚ್ಚುವ ಭಯವಿಲ್ಲ. ಹಿಂದೆ ಅದನ್ನು ಬಳಪದಂಥ ಹಲಗೆಕಲ್ಲನ್ನು ತೇದು ಮಾಡುತ್ತಿದ್ದರು. ವರ್ತಕರ ಸಂಪರ್ಕವಾದಮೇಲೆ ಹಳೆಯ ಗರಗಸದ ತಗಡಿನಿಂದ ಮಾಡತೊಡಗಿದರು. ಸೀಲ್ ಎಂಬ ನೀರುನಾಯಿಯಂಥ ಪ್ರಾಣಿಯ ನೆಣವನ್ನು ತೊಗಲಿನಿಂದ ಬಿಡಿಸುವುದರಿಂದ ಹಿಡಿದು ಮಗುವಿನ ಬಟ್ಟೆಯನ್ನು ಕತ್ತರಿಸುವವರೆಗೆ ಎಲ್ಲಕ್ಕೂ ಅದೊಂದೇ. ಒಂದೇ ಚೂರಿ ಸಾಕೆನ್ನುವವನಿಗೆ ಮಾತ್ರ, ಬಾಯಿ ಸ್ವಲ್ಪ ಬಾಗಿರುವ ಇಳಿಮೊನೆಯೇ ತಕ್ಕದ್ದು. ಅಲಗಿನ ಬೆನ್ನಿನಲ್ಲಿ ಕೊಕ್ಕೆಯಂತೆ ಕೊರೆದಿರುವ ಚೂರಿಗಳೂ ಬರುತ್ತವೆ. ಹೊಟ್ಟೆಯ ತೊಗಲು ಹೊಲಿಗೆ ಬಿಚ್ಚಿದಂತೆ ತೆರೆದುಕೊಳ್ಳುತ್ತದೆಂದು ಹೊಗಳುತ್ತಾರೆ. ಮೊದಲ ಜಿಂಕೆಗೆ ಅದು ನಿಜ. ಆಮೇಲೆ ಆ ಕೊಕ್ಕೆಯಲ್ಲಿ ರೋಮವೂ ನೆಣವೂ ಕಚ್ಚಿಕೊಳ್ಳುತ್ತವೆ, ಅದನ್ನು ಮಸೆಯುವ ಉಪಾಯ ಯಾರಿಗೂ ತೋಚುವುದಿಲ್ಲ.

ಇಲ್ಲಿ ನಮ್ಮ ನಾಡಿನ ಒಂದು ಮಾತನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಎಲ್ಲ ಮೃಗಗಳನ್ನೂ ಸುಲಿಯುವ ಪದ್ಧತಿ ಎಲ್ಲೆಲ್ಲಿಯೂ ಇಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು 1130ರ ಸುಮಾರಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಬೇಟೆಯ ವಿನೋದವೂ ಅಡಿಗೆಯೂ ಬಹು ವಿಸ್ತಾರವಾಗಿ ಬರುತ್ತವೆ. ಅಲ್ಲಿ ಹಂದಿಯ ತೊಗಲನ್ನು ಸುಲಿಯುವುದಿಲ್ಲ. ಕುದಿನೀರು ಹೊಯ್ದೋ ಹುಲ್ಲಿನ ಉರಿಯಲ್ಲಿ ಸುಟ್ಟೋ ಕೂದಲನ್ನು ಮಾತ್ರ ತೆಗೆಯುತ್ತಾರೆ. ಕೊಡಗಿನಲ್ಲಿ ಹಂದಿಯನ್ನು ಸುಟ್ಟು ಹೆರೆಯುವ ಕ್ರಮವೂ ಈ ಬಗೆಯದೇ. ಅಂಥ ಕೆಲಸಕ್ಕೆ ಹೆರೆಯತಕ್ಕ ನೇರ ಬಾಯಿಯ ಕತ್ತಿ ಬೇಕು. ಲವ್‌ಲೆಸನ ಇಳಿಮೊನೆಯಿಂದ ಅಲ್ಲಿ ಏನೂ ಆಗದು. ಇನ್ನೊಂದು ತುದಿಯಲ್ಲಿ, ಮಾಂಸದ ಆಸೆಯಿಲ್ಲದೆ ತೊಗಲಿಗಾಗಿಯೇ ಸುಲಿಯುತ್ತಿದ್ದ ಕಾಲವೊಂದಿತ್ತು. ಇಪ್ಪತ್ತನೆಯ ಶತಮಾನದ ಬಹುಭಾಗ ಮೈಸೂರಿನಲ್ಲಿ ನಡೆದು, ಶತಮಾನದ ಕೊನೆಗೆ ಮುಚ್ಚಿದ ವ್ಯಾನ್ ಇಂಗೆನ್ ಅವರ ಕಾರ್ಖಾನೆಗೆ ದೇಶದ ನಾನಾ ಮೂಲೆಗಳಿಂದ ಹುಲಿ ಚಿರತೆಗಳ ತೊಗಲುಗಳು ಬರುತ್ತಿದ್ದವು; ಅಲ್ಲಿ ಅವುಗಳಿಗೆ ಮತ್ತೆ ಮೃಗದ ರೂಪ ಬರುತ್ತಿತ್ತು. ಆ ಕಲೆಯಲ್ಲಿ ತುಟಿ, ರೆಪ್ಪೆ, ಕಿವಿಯ ಒಳಮೈ, ಇವುಗಳನ್ನು ಹರಿಯದಂತೆ ಬಿಡಿಸುವುದೇ ಕಷ್ಟ. ಅದಕ್ಕೆ ಎರಡು ಅಂಗುಲದ, ಲೇಖನಿಯನ್ನು ಹದಮಾಡುವಂಥ ಸಣ್ಣ ಚೂರಿ ಬೇಕು. ಕಾಡಿನಲ್ಲಿ ದೊಡ್ಡ ಚೂರಿಯಿಂದ ರೆಪ್ಪೆಯನ್ನು ಸೀಳಿ ತಂದಮೇಲೆ, ಎಂಥ ಕುಶಲಿಯಾದರೂ ಅದನ್ನು ಮರೆಮಾಚಬಹುದೇ ಹೊರತು ಇಲ್ಲದಂತೆ ಮಾಡಲಾರನು.

ಈಗ ಉಕ್ಕಿನ ಮಾತು. ಈ ಪದವನ್ನು ಉಚ್ಚರಿಸುವಾಗ ಕನ್ನಡಿಗರು ತುಸು ಎದೆಯುಬ್ಬಿಸಿದರೆ ತಪ್ಪಿಲ್ಲ. ಯೂರೋಪಿನವರು ‘ವೂಟ್ಸ್’ ಎಂದು ಬೆರಗುಪಟ್ಟ ಉಕ್ಕಿನ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದಿತೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್, ಕಬ್ಬಿಣದ ತುಂಡಿನ ಜೊತೆಗೆ ತಂಗಡಿಯ ಕಡ್ಡಿಯನ್ನೂ ಹಸಿರೆಲೆಯನ್ನೂ ಮಣ್ಣಿನ ಮೂಸೆಯಲ್ಲಿಟ್ಟು ಕಾಸಿ ಉಕ್ಕು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕಡ್ಡಿಯಿಂದ ಕಬ್ಬಿಣಕ್ಕೆ ಸೇರುತ್ತಿದ್ದುದು ಇಂಗಾಲ. ಅದೇ ತಂಗಡಿಯ ತೊಗಟೆ ನಮ್ಮಲ್ಲಿ ತೊಗಲನ್ನು ಹದಮಾಡುವುದಕ್ಕೂ ಬಳಕೆಯಾಗುತ್ತಿತ್ತು. ಚೂರಿಗೂ ಅದು ಸುಲಿದ ತೊಗಲಿಗೂ ಒಂದೇ ಗಿಡ ಒದಗಿಬಂದದ್ದು ಸ್ವಾರಸ್ಯವಾಗಿದೆ.

ಇಂದಿನ ಚೂರಿಗಳ ಉಕ್ಕು ಸ್ಥೂಲವಾಗಿ ಎರಡು ಬಗೆ. ಇಂಗಾಲ ಮಾತ್ರ ಬೆರೆತದ್ದು ಒಂದು. ಅದು ಸುಲಭವಾಗಿ ಮಸೆಯಲು ಬರುತ್ತದೆ, ಒಳ್ಳೆಯ ಬಾಯಿ ಹಿಡಿಯುತ್ತದೆ, ಆದರೆ ನೆತ್ತರಿನ ತೇವ ತಗಲಿದರೆ ಬೆಳಗಾಗುವುದರೊಳಗೆ ತುಕ್ಕು ಕಚ್ಚುತ್ತದೆ. ಕ್ರೋಮಿಯಂ ಹೇರಳವಾಗಿ ಬೆರೆತದ್ದು ಇನ್ನೊಂದು. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿಯು ಕೋವಿಯ ನಳಿಗೆ ಒಳಗೆ ಸವೆಯದಂಥ ಉಕ್ಕನ್ನು ಹುಡುಕುತ್ತ ಶೇಕಡ 12.8ರಷ್ಟು ಕ್ರೋಮಿಯಂ ಸೇರಿಸಿ ಎರಕಹೊಯ್ದನು. ಕೋವಿಗಿಂತ ಹೆಚ್ಚಾಗಿ ಚೂರಿಗೇ ಅದರ ಉಪಯೋಗವಾಯಿತು. ನಮ್ಮ ಮನೆಗಳ ಸ್ಟೇನ್‌ಲೆಸ್ ಪಾತ್ರೆಗಳೆಲ್ಲ ಅದರ ವಂಶದವೇ. ಮೊದಲಿನ ತುಕ್ಕುಗಟ್ಟದ ಚೂರಿಗಳು ಸರಿಯಾಗಿ ಕೊಯ್ಯುವುದಿಲ್ಲವೆಂಬ ಅಪಖ್ಯಾತಿ ಇತ್ತು. ಈಗ ಆ ದೂರು ಉಳಿದಿಲ್ಲ. ಗಡಸುತನವನ್ನು ರಾಕ್‌ವೆಲ್ ಎಂಬ ಮಾನದಿಂದ ಅಳೆಯುತ್ತಾರೆ; ಬೇಟೆಯ ಚೂರಿಗೆ 56ರಿಂದ 60ರವರೆಗೆ ಸಾಕು. ಅದಕ್ಕೂ ಮೀರಿದ ಗಡಸು ಅಲಗು ಬಹುಕಾಲ ಹರಿತವಾಗಿರುವುದೇನೋ ನಿಜ. ಎಲುಬಿಗೆ ತಗಲಿ ಬಾಯಿ ಚಕ್ಕೆಯೆದ್ದರೆ ಕಾಡಿನಲ್ಲಿ ಅದನ್ನು ಸರಿಪಡಿಸಲಾಗುವುದಿಲ್ಲ. ಅಂಗಡಿಯವರು ಉಕ್ಕಿಗೆ ಇಟ್ಟಿರುವ ಅಂಕಿ ಅಕ್ಷರಗಳ ನಾಮಾವಳಿಯನ್ನು ಪಠಿಸಲು ತೊಡಗಿದರೆ ನಾವು ಗೌರವದಿಂದ ಕೇಳಿಕೊಂಡು ಹಿಡಿಯನ್ನು ನೋಡುತ್ತೇವೆ.

ಹಿಡಿಯ ವಿಷಯದಲ್ಲಿ ನಮಗೆ ಸ್ವಲ್ಪ ಹಠವುಂಟು. ಜಿಂಕೆಯ ಕೊಂಬಿನ ಹಿಡಿ, ಹಿತ್ತಾಳೆಯ ಕಟ್ಟು, ಕೆತ್ತನೆ, ಇವು ಕಣ್ಣಿಗೆ ಹಬ್ಬ. ಆದರೆ ಒಂದೊಂದು ಸಂದಿನಲ್ಲಿಯೂ ನೆತ್ತರು ನೆಣ ಸೇರುತ್ತವೆ. ಹಿಂದೆ ಇದು ವಾಸನೆಯ ಪ್ರಶ್ನೆ ಮಾತ್ರವಾಗಿತ್ತು. ಈಗ ಹಾಗಿಲ್ಲ. 1967ರಲ್ಲಿ ಕೊಲೊರಾಡೋ ಸಂಸ್ಥಾನದಲ್ಲಿ ಮೊದಲು ಕಂಡ ಜಿಂಕೆಗಳ ಕ್ಷಯದಂಥ ರೋಗವೊಂದು ಉತ್ತರ ಅಮೆರಿಕದ ಅನೇಕ ಕಡೆ ಹರಡಿದೆ. ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನಿನಿಂದ ಬರುವ ಈ ರೋಗ ಮಿದುಳನ್ನು ಹಾಳುಮಾಡುತ್ತದೆ. ಮನುಷ್ಯನಿಗೆ ತಗಲಿದ ಖಚಿತವಾದ ನಿದರ್ಶನ ಇದುವರೆಗೆ ಇಲ್ಲ. ಆದರೂ ಕೈಗವಸು ತೊಡಬೇಕು, ಮಿದುಳು ಬೆನ್ನುಹುರಿಗಳನ್ನು ಕೊಯ್ಯಬಾರದು, ಮಾಂಸವನ್ನು ಪರೀಕ್ಷೆ ಮಾಡಿಸಬೇಕು ಎಂದು ಅಲ್ಲಿನ ಅಧಿಕಾರಿಗಳು ಎಚ್ಚರಿಸುತ್ತಾರೆ. ಈ ಪ್ರಿಯಾನು ಕುದಿಸಿದರೆ ಸಾಯುವುದಿಲ್ಲ. ಮನೆಯಲ್ಲಿ ಬಟ್ಟೆಗೆ ಬಳಸುವ ಬ್ಲೀಚಿನ ಶೇಕಡ 40ರ ದ್ರಾವಣದಲ್ಲಿ ಐದು ನಿಮಿಷ ಇಟ್ಟರೆ ಸ್ಟೇನ್‌ಲೆಸ್ ಉಕ್ಕಿನ ಮೈಮೇಲಿನದು ನಿಷ್ಕ್ರಿಯವಾಗುತ್ತದೆಂದು 2019ರಲ್ಲಿ ಪ್ರಕಟವಾದ ಪ್ರಯೋಗದಿಂದ ತಿಳಿಯಿತು. ಅಂಟಿಕೊಂಡ ಮಾಂಸದ ಚೂರಿನೊಳಕ್ಕೆ ಮಾತ್ರ ಆ ದ್ರಾವಣ ಇಳಿಯುವುದಿಲ್ಲ. ಎಂದಮೇಲೆ ಸಂದುಗೊಂದುಗಳಿಲ್ಲದೆ, ಪೂರ್ತಿ ಉಜ್ಜಿ ತೊಳೆಯಲು ಬರುವ ಚೂರಿಯೇ ಬೇಕಾಯಿತು. ಇಂಗಾಲದ ಉಕ್ಕಿನ ಮೇಲೆ ನಮಗಿದ್ದ ಪ್ರೀತಿ ಈ ಒಂದು ಕಾರಣದಿಂದ ತಗ್ಗಿದೆ. ಮರದ ಹಿಡಿ ಚೆಲುವಾದದ್ದು. ಒಂದೇ ಎರಕದ ರಬ್ಬರಿನಂಥ ಹಿಡಿ ಕುರೂಪಿ. ಆದರೂ ಎರಡನೆಯದನ್ನೇ ಕೊಳ್ಳಿರೆಂದು ಹೇಳಬೇಕಾಗಿದೆ. ಅದು ಕಿತ್ತಳೆಯ ಬಣ್ಣದ್ದಾದರೆ ಇನ್ನೂ ಒಳ್ಳೆಯದು. ತರಗೆಲೆಗಳ ಮೇಲೆ ಒಂದು ಗಳಿಗೆ ಕೆಳಗಿಟ್ಟ ಕಂದು ಹಿಡಿಯ ಚೂರಿ ಮುಸ್ಸಂಜೆಯಲ್ಲಿ ಮತ್ತೆ ಸಿಕ್ಕುವುದು ದುರ್ಲಭ. ಹಿಡಿಯ ಮುಂತುದಿಯಲ್ಲಿ ಬೆರಳಿಗೆ ಅಡ್ಡವಾಗುವ ಒಂದು ಸಣ್ಣ ಉಬ್ಬಿರಲೇಬೇಕು. ಒದ್ದೆ ಕೈ ಮುಂದಕ್ಕೆ ಜಾರಿ ಬಾಯಿಯ ಮೇಲೆ ಬೀಳದಂತೆ ತಡೆಯುವುದು ಅದೊಂದೇ.

ಮಡಿಸುವ ಚೂರಿ ಜೇಬಿಗೆ ಹಿತ. 1964ರಲ್ಲಿ ಬಕ್ ಕಂಪನಿಯವರು ಬೀಗದಂತೆ ನಿಲ್ಲುವ ಅಲಗಿನ 110ನೆಯ ನಮೂನೆಯನ್ನು ತಂದಮೇಲೆ ಅಂಥವನ್ನು ಇಟ್ಟುಕೊಳ್ಳದ ಬೇಟೆಗಾರರು ಕಡಮೆ. ಬೀಗ ಗಟ್ಟಿಯಾಗಿದ್ದರೆ ಬೆರಳಿಗೆ ಅಪಾಯವಿಲ್ಲ. ಆದರೆ ಕೀಲಿನ ಸಂದಿಗೆ ಸೇರಿದ್ದನ್ನು ತೊಳೆಯುವ ಕಷ್ಟ ಮೇಲೆ ಹೇಳಿದಂತೆಯೇ ಉಳಿಯುತ್ತದೆ. ಮೊಂಡಾದೊಡನೆ ಕಿತ್ತೆಸೆದು ಹೊಸದನ್ನು ತೊಡಿಸತಕ್ಕ, ಶಸ್ತ್ರವೈದ್ಯರ ಅಲಗಿನಂಥ ಚೂರಿಗಳೂ ಬಂದಿವೆ. ಕೊಯ್ಯುವುದರಲ್ಲಿ ಅವನ್ನು ಮೀರಿಸುವುದಿಲ್ಲ. ಅಡ್ಡಕ್ಕೆ ತಿರುಚಿದರೆ ಅಲಗು ಪಟ್ಟನೆ ಮುರಿದು ಮಾಂಸದೊಳಗೆ ಅಡಗುತ್ತದೆ. ಅದು ಊಟದ ತಟ್ಟೆಯಲ್ಲಿ ಕಾಣಿಸಿಕೊಳ್ಳುವುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಹೊಸ ಕೈಗಳಿಗೆ ಅದು ಬೇಡ.

ಕೊಂಡ ಚೂರಿಯನ್ನು ಅಂಗಡಿಯಿಂದ ತಂದ ಹಾಗೆಯೇ ಕಾಡಿಗೆ ಒಯ್ಯಬಾರದು. ಸಾಣೆಕಲ್ಲಿನ ಮೇಲೆ, ಒಂದೊಂದು ಮಗ್ಗುಲಿಗೂ ಸುಮಾರು 20 ಡಿಗ್ರಿಯ ಓರೆ ಬರುವಂತೆ, ಸಮನಾಗಿ ಮಸೆಯುವುದನ್ನು ಮನೆಯಲ್ಲಿಯೇ ಕಲಿತಿರಬೇಕು. ಟೊಮೇಟೋ ಹಣ್ಣಿನ ಸಿಪ್ಪೆಯ ಮೇಲೆ ಒತ್ತದೆ ಎಳೆದರೆ ಅದು ಇಳಿಯಬೇಕು; ಜಾರಿದರೆ ಇನ್ನೂ ಕೆಲಸವಿದೆಯೆಂದು ತಿಳಿಯತಕ್ಕದ್ದು. ಮೊಂಡು ಚೂರಿಗೆ ಬಲ ಹಾಕಬೇಕಾಗುತ್ತದೆ. ಬಲ ಹಾಕಿದ ಚೂರಿ ತೊಗಲು ಬಿಟ್ಟೊಡನೆ ಎಲ್ಲಿಗೆ ಹೋಗುತ್ತದೆಂದು ಹೇಳಲಾಗುವುದಿಲ್ಲ. ಬೇಟೆಗಾರನ ಎಡಗೈಯ ಗಾಯಗಳಲ್ಲಿ ಎಷ್ಟೋ ಈ ಜಾತಿಯವು. ಆರಿಸುವಾಗ ಒಂದು ಚಿಕ್ಕ ಪರೀಕ್ಷೆಯನ್ನೂ ಮಾಡಬಹುದು: ಅಂಗಡಿಯವನ ಅನುಮತಿ ಪಡೆದು, ಕೈಗೆ ರಬ್ಬರಿನ ಗವಸು ತೊಟ್ಟು, ಅದಕ್ಕೆ ಒಂದು ಹನಿ ಎಣ್ಣೆ ಸವರಿ, ಹಿಡಿಯನ್ನು ಹಿಡಿದು ನೋಡುವುದು. ಅವನು ವಿಚಿತ್ರವಾಗಿ ನೋಡಿದರೆ ನೋಡಲಿ.

ಒರೆ ತೊಗಲಿನದಾದರೆ ಚೂರಿಯನ್ನು ಅದರಲ್ಲಿ ಸೊಂಟಕ್ಕೆ ಕಟ್ಟಿ ಒಯ್ಯಬಹುದು; ವರ್ಷವಿಡೀ ಅದರಲ್ಲಿಯೇ ಇಡಕೂಡದು. ಹದಮಾಡಿದ ತೊಗಲು ತೇವವನ್ನು ಹಿಡಿದಿಡುತ್ತದೆ, ಅದರಲ್ಲಿ ಉಳಿದ ಹುಳಿ ಉಕ್ಕನ್ನು ತಿನ್ನುತ್ತದೆ. ಋತು ಮುಗಿದಮೇಲೆ ಚೂರಿಯನ್ನು ತೊಳೆದು, ಒರಸಿ, ಬಿಸಿಲಿಗೆ ಆರಿಸಿ, ಅಡಿಗೆಗೆ ಬಳಸುವ ಎಣ್ಣೆಯನ್ನು ಬಿಟ್ಟು ಅಂಟುಗಟ್ಟದ ತೆಳು ಎಣ್ಣೆಯನ್ನು ಸವರಿ, ಒಣ ಬಟ್ಟೆಯಲ್ಲಿ ಸುತ್ತಿ, ಮಕ್ಕಳ ಕೈಗೆ ಎಟುಕದ ಕಡೆ ಇಡತಕ್ಕದ್ದು. ಒರೆಯನ್ನು ಪಕ್ಕದಲ್ಲಿ ಬೇರೆಯಾಗಿ ಇಟ್ಟರಾಯಿತು.